ಬಿಸಿನೀರಿನ ಕಪಾಟಿನಲ್ಲಿ ತಮ್ಮನ ಬಿಯರು

ಪುಣೆ, ಚೀಲ ಕಟ್ಟಿದ ದಿನಗಳು

ಇಂಗ್ಲೆಂಡಿಗೆ ಹೋದವರು ಅರಮನೆ ನೋಡುತ್ತಾರೆ, ದೊಡ್ಡ ಗಡಿಯಾರ ನೋಡುತ್ತಾರೆ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ಸುಮಾರು ಮೂರು ವಾರ ಇದ್ದು ನಾನು ಮುಖ್ಯವಾಗಿ ನೋಡಿದ್ದು ನನ್ನ ತಮ್ಮನ ಮನೆಯ ಒಂದು ಕಪಾಟು. ಅದನ್ನೂ ಅಷ್ಟು ಬಗ್ಗಿ ನೋಡಬಾರದಿತ್ತು.

ನನ್ನನ್ನು ಕಳಿಸಿದವಳು ಅವ್ವ. ಅವಳು ಇರುವುದು ಪುಣೆಯಲ್ಲಿ, ನಮ್ಮ ಜೊತೆಗೇ. ತಮ್ಮ ಗಿರೀಶನಿಗೆ ನಲವತ್ನಾಲ್ಕು ವರ್ಷ, ಮದುವೆಯಾಗಿಲ್ಲ. ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸುವ ಕೆಲಸ. ಹೋಗಿ ಆರು ವರ್ಷವಾಯಿತು. ಪ್ರತಿ ಶನಿವಾರ ನಮ್ಮ ನಾಲ್ಕು ಗಂಟೆಯ ಚಹಾದ ಹೊತ್ತಿಗೆ ಫೋನು ಬರುತ್ತದೆ, ಒಂದು ತಾಸು ಮಾತು. ಮಳೆ, ಬಸ್ಸು, ತೊಗರಿಬೇಳೆ, ಹೀಟರು, ಎಲ್ಲದರ ವರದಿಯೂ ಸಿಗುತ್ತದೆ. ಒಬ್ಬ ಗೆಳೆಯನ ಹೆಸರು ಮಾತ್ರ ಈ ಆರು ವರ್ಷದಲ್ಲಿ ಅವನ ಬಾಯಿಂದ ಬಂದಿಲ್ಲ. ಪುಣೆಯಲ್ಲಿದ್ದಾಗಲೂ ಅವನು ಹಾಗೇ. ಕಾಲೇಜಿನ ಫೋಟೋದಲ್ಲಿ ಎರಡನೇ ಸಾಲಿನ ತುದಿಗೆ, ಯಾರದೋ ಭುಜದ ಹಿಂದೆ ಅರ್ಧ ಮುಖ.

ಈ ಚಳಿಗಾಲದ ಒಂದು ಶನಿವಾರ ವಿಡಿಯೋದಲ್ಲಿ ಅವನ ಬೆನ್ನ ಹಿಂದೆ ಬಿಳಿ ಬಕೆಟ್ಟೊಂದು ಕಂಡಿತು.

"ಅದೇನೋ ಗಿರ್ಯಾ, ದೋಬಿ ಸಾಮಾನೇನ?"

"ಬಿಯರ್ ಅದ ಅಕ್ಕಾ. ಮನ್ಯಾಗ ನಾನ ಮಾಡ್ತೀನಿ. ಇಲ್ಲೆ ಅದಕ್ಕ ಅಡ್ಡಿಯಿಲ್ಲ."

ಅಕ್ಕಿ ಆರಿಸುತ್ತಿದ್ದ ಅವ್ವನ ಕೈ ನಿಂತಿತು. ಫೋನು ಇಟ್ಟ ಮೇಲೆ ಅವಳು ಕುಡಿತದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಒಬ್ಬನ ಕೂತು ಕುಡೀತಾನಲ್ಲ" ಎಂದಳು, ಅಷ್ಟೇ. ಅಕ್ಕಿ ಬದಿಗಿಟ್ಟು, "ನೀ ಹೋಗಿ ನೋಡಿ ಬಾ."

ನೋಡಿ ಬರುವುದು ನನ್ನ ಹೊಟ್ಟೆಪಾಡೂ ಹೌದು. ಚಾಕಣದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಾರಿನ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುತ್ತೇನೆ. ಮುಚ್ಚಿದ ಡಬ್ಬಿ ಕಂಡರೆ ತೆರೆದು ನೋಡಬೇಕು, ತೆರೆದದ್ದು ಕಂಡರೆ ಯಾಕೆ ತೆರೆದಿದೆ ಎಂದು ಕೇಳಬೇಕು. ಮನೆಯಲ್ಲೂ ಅದೇ ಚಾಳಿ. ಹಾಗಾಗಿ ಚೀಲ ಕಟ್ಟಲು ನಾಲ್ಕು ದಿನ ಹಿಡಿಯಿತು. ಇಡ್ಲಿ ರವೆಯ ಪೊಟ್ಟಣ ನೋಡುತ್ತಾ ನನಗೆ ಹೊಳೆದದ್ದು: ಬಿಳಿ ಪುಡಿ, ವಿಮಾನ ನಿಲ್ದಾಣ, ನಾನು. ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ "ಅಕ್ಕಿ" ಎಂದು ಬರೆದೆ. ಹಾಗೆ ಬರೆದಿದ್ದರಿಂದಲೇ ಅನುಮಾನ ಬಂದೀತೆಂದು ಅಳಿಸಿದೆ. ಮತ್ತೆ ಬರೆದೆ.

ನನ್ನ ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಈಗ ಖರೇನ ಅನುಮಾನ ಬರೂಹಂಗ ಆತು" ಎಂದರು.

ಇಳಿದ ದಿನ

ಯಾರೂ ಕೇಳಲಿಲ್ಲ. ವಿಮಾನದ ಉದ್ದಕ್ಕೂ ಅಭ್ಯಾಸ ಮಾಡಿದ್ದ ಉತ್ತರ, ರವೆ ಎಂದರೇನು, ಹುದುಗು ಎಂದರೇನು, ಎಲ್ಲ ಹೊಟ್ಟೆಯಲ್ಲೇ ಉಳಿಯಿತು.

ಫೆಬ್ರುವರಿ ತಿಂಗಳು. ಊರಿಗೆ ಊರೇ ಫ್ರಿಜ್ಜಿನೊಳಗೆ ಇಟ್ಟ ಹಾಗಿತ್ತು. ನಿಲ್ದಾಣದಿಂದ ಗಿರೀಶನ ಮನೆಗೆ ಬಸ್ಸು. ಅಲ್ಲಿ ಇಳಿಯುವವರೆಲ್ಲ ಚಾಲಕನಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾರೆ. ಶಾಲೆಯ ಹುಡುಗರೂ ಹೇಳುತ್ತಾರೆ, ಕೋಲು ಹಿಡಿದ ಮುದುಕಿಯರೂ ಹೇಳುತ್ತಾರೆ. ನಮ್ಮಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಒಂದು ಕಾಲು ನೆಲದ ಮೇಲಿರುತ್ತದೆ. ಅಂಥಲ್ಲಿ ಧನ್ಯವಾದಕ್ಕೆ ಪುರಸೊತ್ತೆಲ್ಲಿ? ನಾನೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಬಾಗಿಲು ಮುಚ್ಚಿತು.

"ಆ ಚಾಲಕನ ಹೆಸರು ಪಾಲ್" ಎಂದ ಗಿರೀಶ. "ಶನಿವಾರ ನಮ್ಮನಿಗೆ ಬರಾವಿದ್ದಾನ."

ನಾನು ಚೀಲ ಕೆಳಗಿಟ್ಟೆ. "ಯಾರ್ಯಾರೋ ನಿಮ್ಮನಿಗೆ ಬರಾವ್ರು?"

"ಮೂರು ಮಂದಿ."

ನಡೆಯುತ್ತಾ ಅವನು ಹೇಳಿದ ಕಥೆ ಇಷ್ಟು. ಲ್ಯಾಬಿನಲ್ಲಿ ಅವನ ಪಕ್ಕದ ಮೇಜಿನ ಜಾನೆಟ್ ಒಂದು ಸೋಮವಾರ, ರಜೆಯಲ್ಲಿ ಏನು ಮಾಡಿದೆ ಎಂದು ಕೇಳಿದ್ದಳು. ಬಿಯರು ಕುದಿಸಿದೆ ಎಂದ. ನಮಗೂ ತೋರಿಸು ಎಂದಳು. ಬರುವವರಿಗೆ ಕೂರಲು ಬೇಕಲ್ಲ? ಮನೆಯಲ್ಲಿದ್ದದ್ದು ಎರಡೇ ಕುರ್ಚಿ. ಪಕ್ಕದ ಮನೆಯ ಕೀತ್, ನಿವೃತ್ತ ಅಂಚೆಯವನು, ಅವನಲ್ಲಿ ಕುರ್ಚಿ ಕೇಳಲು ಹೋದ. ಯಾಕೆ ಎಂದು ಕೀತ್ ಕೇಳಿದ, ಕುರ್ಚಿಯ ಜೊತೆ ತಾನೂ ಬರುತ್ತೇನೆ ಎಂದ. ಈ ಇಬ್ಬರು ತಾವಾಗಿ ಬಂದವರು. ಆರು ವರ್ಷ ಇಳಿಯುವಾಗ ಥ್ಯಾಂಕ್ಯೂ ಬಿಟ್ಟು ಬೇರೆ ಮಾತೇ ಆಡಿಸದಿದ್ದ ಪಾಲ್‌ನನ್ನು ಮಾತ್ರ ಗಿರೀಶ ತಾನಾಗಿ ಕರೆದಿದ್ದ.

"ಹೆಂಗ ಕರದ್ಯೋ?"

"ಎರಡು ಸ್ಟಾಪ್ ಮುಂದ ಹೋಗಿಬಿಟ್ಟೆ. ಧೈರ್ಯ ಬರೂತನಾ ಕೂತಿದ್ದೆ."

ಮೊದಲ ಶನಿವಾರ

ಬೆಳಿಗ್ಗೆ ಹತ್ತೂವರೆಗೆ ಎಂದರೆ ಹತ್ತೂವರೆಗೇ ಮೂವರೂ ಬಾಗಿಲಲ್ಲಿದ್ದರು. ಕೀತ್ ಎತ್ತರದ, ಕೆಂಪು ಮೂಗಿನ ಮನುಷ್ಯ. ಒಂದೊಂದು ಕೈಗೆ ಒಂದು ಕುರ್ಚಿ. ಜಾನೆಟ್ ನನ್ನ ವಯಸ್ಸಿನವಳು, ಬಂದವಳೇ ಅಂಗಿಯ ತೋಳು ಮೇಲೆ ಮಡಚಿದಳು. ಪಾಲ್ ದಪ್ಪಗೆ, ಸಂಕೋಚದವನು, ಶೂ ಬಿಚ್ಚಬೇಕೋ ಬೇಡವೋ ಎಂದು ಹೊಸಿಲಲ್ಲೇ ನಿಂತಿದ್ದ. ನನ್ನ ಬರಿಗಾಲು ನೋಡಿ ಬಿಚ್ಚಿದ.

ಬಿಯರು ಮಾಡುವುದು ಎಂದರೆ ನನ್ನ ಕಣ್ಣ ಮುಂದೆ ಏನೇನೋ ಇತ್ತು. ನೋಡಿದರೆ ಅದು ಅಡುಗೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ನುಚ್ಚು. ಅದನ್ನು ಬಿಸಿನೀರಿನಲ್ಲಿ ಒಂದು ತಾಸು ನೆನೆಸಬೇಕು, ಕುದಿಯಬಾರದು, ತಣಿಯಲೂಬಾರದು. ಪಾತ್ರೆಗೆ ಹಳೆಯ ಕಂಬಳಿ ಸುತ್ತಿದ್ದ ಗಿರೀಶ. ಸೋಸಿದ ಮೇಲೆ ಸಿಗುವ ಸಿಹಿನೀರನ್ನು ಮತ್ತೊಂದು ತಾಸು ಕುದಿಸುವುದು. ಆ ಹಬೆ ಮೂಗಿಗೆ ಬಡಿದಾಗ ನಾನು ಆ ಅಡುಗೆಮನೆಯಲ್ಲಿರಲಿಲ್ಲ. ಇಂದಾಪುರದ ಕಡೆ ಬಸ್ಸಿನಲ್ಲಿ ಹೋಗುವಾಗ ರಸ್ತೆಬದಿಯ ಗಾಣದಲ್ಲಿ ಬೆಲ್ಲ ಕಾಯಿಸುತ್ತಾರಲ್ಲ, ಆ ಕಿಟಕಿಯ ಹತ್ತಿರ ಇದ್ದೆ. ಆಮೇಲೆ ಅದಕ್ಕೆ ಹಾಪ್ಸ್ ಎಂಬ ಹಸಿರು ಹೂವು ಬಿತ್ತು. ಅದರ ಕಹಿ ವಾಸನೆಗೆ ಬೆಲ್ಲ ಓಡಿಹೋಯಿತು.

ಆದರೆ ನಾನು ನೋಡುತ್ತಿದ್ದದ್ದು ಪಾತ್ರೆಯನ್ನಲ್ಲ, ತಮ್ಮನನ್ನು. ಎರಡನೇ ಸಾಲಿನ ತುದಿಯವನು ನಡುವೆ ನಿಂತು ಅಪ್ಪಣೆ ಕೊಡುತ್ತಿದ್ದ. "ಕೀತ್, ಆ ಚಮಚ ಬೇಡ." "ಪಾಲ್, ತಿರುಗಿಸುತ್ತಾ ಇರು, ತಳ ಹಿಡಿಯುತ್ತದೆ." ಅವರೂ ಕೇಳುತ್ತಿದ್ದರು! ಕುದಿ ನಿಂತು ತಣ್ಣಗಾದ ಮೇಲೆ ಅವನ ಕಾನೂನು ಇನ್ನೂ ಬಿಗಿಯಾಯಿತು. ಸೋಂಕು ಕಳೆಯುವ ನೀರಿನಲ್ಲಿ ಅದ್ದದೆ ಏನನ್ನೂ ತಾಗಿಸುವ ಹಾಗಿಲ್ಲ. ಇಲ್ಲದಿದ್ದರೆ ಹುಳಿ. ನನ್ನ ಶಾಪ್‌ಫ್ಲೋರಿನಲ್ಲಿ ಇಂಥ ಒಬ್ಬ ಸೂಪರ್‌ವೈಸರ್ ಇದ್ದಿದ್ದರೆ ನನ್ನ ಕೂದಲು ಇನ್ನೂ ಕಪ್ಪಗಿರುತ್ತಿತ್ತು ಎಂದುಕೊಂಡೆ.

ಕುದಿಯುವಾಗ ಮಾಡಲು ಕೆಲಸವಿಲ್ಲ. ಹಾಗಾಗಿ ಮಾತು. ಬಿಯರು ಮಾಡುವುದರಲ್ಲಿ ಮುಕ್ಕಾಲು ಪಾಲು ಕುರ್ಚಿಯ ಕೆಲಸ ಎಂದು ನನಗೆ ತಿಳಿದದ್ದು ಆಗ. ಪಾಲ್ ತನ್ನ ಸಣ್ಣ ಮಗಳ ಬಗ್ಗೆ ಹೇಳಿದ. ಕೀತ್ ಮೂವತ್ತು ವರ್ಷದ ಅಂಚೆ ಕೆಲಸದಲ್ಲಿ ತನ್ನನ್ನು ಕಚ್ಚಿದ ನಾಯಿಗಳನ್ನು ಬೀದಿವಾರು ಹೇಳಿದ. ಸೋಸಿ ಉಳಿದ ನುಚ್ಚು ಅಷ್ಟೊಂದು, ಕೀತ್‌ನ ಕೋಳಿಗಳಿಗೆ ಎಂದರು. ನನಗೆ ಜೀವ ತಡೆಯಲಿಲ್ಲ. ಎರಡು ಹಿಡಿ ತೆಗೆದು, ಈರುಳ್ಳಿ, ಹಸಿಮೆಣಸಿನಕಾಯಿ, ಕಡಲೆಹಿಟ್ಟು ಹಾಕಿ ಥಾಲಿಪೀಠ ತಟ್ಟಿದೆ. ಬಾರ್ಲಿಯ ಹೊಟ್ಟು ಎಲ್ಲ ಹಲ್ಲಿಗೆ ಸಿಕ್ಕಿ, ಪೊರಕೆ ಅಗಿದ ಹಾಗಿತ್ತು. ಕೀತ್ ಬಹಳ ಹೊತ್ತು ಅಗಿದು, ನುಂಗಿ, "ನಾಟ್ ಬ್ಯಾಡ್" ಎಂದ.

"ಇವರು ಹಂಗಂದ್ರ ಭಾಳ ಛಲೋ ಆಗೇದ ಅಂತ ಅರ್ಥ" ಎಂದ ಗಿರೀಶ.

"ಖರೇನ?"

"ಇದಕ್ಕಲ್ಲ."

ಕೊನೆಗೆ ಬಕೆಟ್ಟಿಗೆ ಸುರಿದು, ಯೀಸ್ಟು ಉದುರಿಸಿ, ಮುಚ್ಚಳ ಅದುಮಿ, ಮೇಲೆ ನೀರು ತುಂಬಿದ ಸಣ್ಣ ಕೊಳವೆ ಸಿಕ್ಕಿಸಿದರು. ಒಳಗಿನ ಗಾಳಿ ಅದರಿಂದ ಗುಳುಗುಳು ಎಂದು ಹೊರಗೆ ಬರಬೇಕು. ಎರಡು ವಾರ ಬಿಟ್ಟು ಶನಿವಾರ ಸೀಸೆಗೆ ತುಂಬುವುದು, ಅದರ ಮುಂದಿನ ಶನಿವಾರ ಎರಡನೇ ಸಲ ಕುದಿಸುವುದು ಎಂದು ನಿಶ್ಚಯವಾಯಿತು.

ಎಲ್ಲ ಹೋದ ಮೇಲೆ ಗಿರೀಶ ನಾಲ್ಕು ಕುರ್ಚಿಗಳನ್ನೂ ಸುಮ್ಮನೆ ನೋಡುತ್ತಾ ನಿಂತ. "ಇದು ಛಲೋ ಆದ್ರ ಮತ್ತ ಬರ್ತಾರಕ್ಕಾ" ಎಂದ. "ಕೆಟ್ರ ಯಾರು ಬರ್ತಾರ?"

ಮಂಗಳವಾರ ಬೆಳಿಗ್ಗೆ

ಇನ್ನು ಕಪಾಟು. ಆ ಮನೆಯಲ್ಲಿ ಮಾಳಿಗೆಯ ಮೆಟ್ಟಿಲ ಪಕ್ಕ ಬಿಸಿನೀರಿನ ಟ್ಯಾಂಕು ಇಟ್ಟ ಒಂದು ಕಪಾಟಿದೆ. ಇಡೀ ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ. ಬಿಯರಿನ ಬಕೆಟ್ಟು ಅಲ್ಲಿತ್ತು. ಅದರ ಮೇಲೆ ಪಟ್ಟಿ ಪಟ್ಟಿ ಹಲಗೆಯ ಒಂದು ಹಂತ, ಟವೆಲು ಇಡಲು.

ಸೋಮವಾರ ನಾನು ಉದ್ದು ರುಬ್ಬಿ, ರವೆ ಕಲಸಿ, ಹಿಟ್ಟು ಇಡಲು ಜಾಗ ಹುಡುಕಿದೆ. ಬೇರೆ ಎಲ್ಲಿಟ್ಟರೂ ಅದು ಏಳದೆ ಸಿಮೆಂಟಾಗುವುದು ಖಂಡಿತ. ಕಪಾಟಿನಲ್ಲಿಟ್ಟರೂ ಈ ಚಳಿಗೆ ಎಷ್ಟು ಉಬ್ಬೀತು ಎಂದು ಪಾತ್ರೆಯ ತುಂಬ ತುಂಬಿ, ಟವೆಲಿನ ಹಂತದ ಮೇಲಿಟ್ಟೆ.

ಮಂಗಳವಾರ ಗಿರೀಶ ಕೆಲಸಕ್ಕೆ ಹೋದ ಮೇಲೆ ಬಾಗಿಲು ತೆಗೆದರೆ, ನಮ್ಮ ಮೇ ತಿಂಗಳಲ್ಲೂ ಹಿಟ್ಟು ಹಾಗೆ ಉಬ್ಬಿದ್ದನ್ನು ನಾನು ನೋಡಿಲ್ಲ. ಪಾತ್ರೆಯ ಮುಚ್ಚಳ ಎತ್ತಿ, ಬದಿಯಿಂದ ಇಳಿದು, ಹಲಗೆಯ ಸಂದಿಯಿಂದ ಸುರಿದು, ಕೆಳಗೆ ಬಿಯರಿನ ಬಕೆಟ್ಟಿನ ಮುಚ್ಚಳದ ಮೇಲೆ ಬೆಳ್ಳಗೆ ಹರಡಿಕೊಂಡಿತ್ತು. ಕೊಳವೆ ಮಾತ್ರ ಅದರ ನಡುವೆ ತಲೆ ಎತ್ತಿ ಗುಳುಗುಳು ಎನ್ನುತ್ತಿತ್ತು.

ಈಗ ಯಾರಾದರೂ ಬುದ್ಧಿಯಿರುವವರು ಏನು ಮಾಡುತ್ತಾರೆ? ಒದ್ದೆ ಬಟ್ಟೆಯಿಂದ ಒರೆಸುತ್ತಾರೆ, ಬಾಗಿಲು ಹಾಕುತ್ತಾರೆ. ಬಕೆಟ್ಟಿನ ಮುಚ್ಚಳ ಬಿಗಿಯಾಗಿತ್ತು, ಒಳಗೆ ಒಂದು ಹನಿಯೂ ಹೋಗಿರಲಿಲ್ಲ. ನಾನೂ ಒರೆಸಿದೆ. ಮೂರು ಸಲ ಒರೆಸಿದೆ. ಆಮೇಲೆ ಇಪ್ಪತ್ತೆರಡು ವರ್ಷದ ಅನುಭವ ಕೆಲಸ ಮಾಡಿತು. ಒಳಗೆ ಹೋಗಿಲ್ಲ ಎಂದು ತೆರೆದು ನೋಡದೆ ಹೇಗೆ ಹೇಳುವುದು?

ಮುಚ್ಚಳದ ಅಂಚನ್ನು ಒಂದು ಕಡೆ ಎತ್ತಿದೆ. ಅಂಚಿನ ಮಡಿಕೆಯಲ್ಲಿ ಬಟ್ಟೆಗೆ ಸಿಗದೆ ಕೂತಿದ್ದ ಹಿಟ್ಟಿನ ಒಂದು ಗಡ್ಡೆ, ಒಂದು ಚಮಚದಷ್ಟು, ನಿಧಾನವಾಗಿ ಜಾರಿ ಒಳಗೆ ಬಿತ್ತು. ಸದ್ದೂ ಆಗಲಿಲ್ಲ. ಗಾಬರಿಗೆ ಅಡುಗೆಮನೆಯ ಸೌಟು ತಂದು ತೆಗೆಯಲು ನೋಡಿದೆ. ಸೌಟನ್ನು ನಲ್ಲಿಯ ನೀರಿನಲ್ಲಿ ತೊಳೆದಿದ್ದೆ, ಗಿರೀಶನ ಆ ನೀರಿನಲ್ಲಿ ಅದ್ದಿರಲಿಲ್ಲ ಎಂದು ನೆನಪಾದದ್ದು ಸೌಟು ಮುಳುಗಿದ ಮೇಲೆ. ಗಡ್ಡೆ ಸಿಗಲಿಲ್ಲ. ಮುಚ್ಚಿದೆ.

ಸಂಜೆ ಬಂದ ಕೂಡಲೇ ಹೇಳಿಬಿಡಬೇಕು ಎಂದು ಬಾಗಿಲಲ್ಲೇ ನಿಂತಿದ್ದೆ. ಅವನು ಒಳಗೆ ಬರುತ್ತಲೇ, "ಅಕ್ಕಾ, ಇವತ್ತ ಪಾಲ್ ಬಸ್ಸಿನ್ಯಾಗ ಎಲ್ಲಾರ ಮುಂದ ನಮ್ಮ ಬಿಯರ್ ಹೆಂಗದ ಅಂತ ಕೇಳಿದ" ಎಂದ. ನಮ್ಮ ಬಿಯರ್! ಏನೋ ಹಾಡು ಗುನುಗುತ್ತಾ ಶೂ ಬಿಚ್ಚಿದ. ನಾನು ಇಡ್ಲಿ ಬಡಿಸಿದೆ. ಹತ್ತಿಯ ಹಾಗೆ ಆಗಿದ್ದವು, ಪಾಪಿಗಳು.

ಅಲ್ಲಿಂದ ಹನ್ನೊಂದು ದಿನ

ಬುಧವಾರ ಕೊಳವೆಯ ಗುಳುಗುಳು ನಿಧಾನವಾಯಿತು. ಗುರುವಾರ ನಿಂತೇಹೋಯಿತು. ನಾನು ಕೊಂದೆ ಎಂದುಕೊಂಡೆ.

"ಯಾಕೋ ಸುಮ್ಮನಾಗೇದಲ್ಲೋ?" ಎಂದು ತುಂಬ ಸಹಜವಾಗಿ, ಬೇರೆ ಏನೋ ಮಾಡುತ್ತಾ ಕೇಳಿದೆ.

"ಯೀಸ್ಟಿಂದ ಕೆಲಸ ಮುಗೀತು. ಹಂಗ ಆಗೂದ."

ಅವನಿಗೆ ನಂಬಿಕೆ, ನನಗೆ ಬಾತ್ಮಿ. ಅವನು ಕೆಲಸಕ್ಕೆ ಹೋದಾಗೆಲ್ಲ ಕಪಾಟಿಗೆ ಮೂಗು ಹಚ್ಚಿ ಮೂಸಿದೆ. ಹುಳಿ ವಾಸನೆ ಬಂದ ಹಾಗೆ ಇತ್ತು. ಆದರೆ ಅಲ್ಲಿ ಹಿಟ್ಟು ಚೆಲ್ಲಿತ್ತಲ್ಲ, ಹಲಗೆಯದೇ ಇರಬಹುದು. ಹಲಗೆ ತೊಳೆದೆ. ಆಮೇಲೆ ಹಲಗೆ ಒದ್ದೆ ಯಾಕೆ ಎಂದು ಅವನು ಕೇಳಿದರೆ ಎಂದು ಟವೆಲು ಹಾಸಿದೆ. ಭಾನುವಾರ ಅವನು ನನ್ನನ್ನು ಒಂದು ಹಳೆಯ ಮಠದ ಅವಶೇಷ ತೋರಿಸಲು ಕರೆದೊಯ್ದ. ಬಹಳ ಚೆನ್ನಾಗಿದೆಯಂತೆ. ನನಗೆ ನೆನಪಿರುವುದು ಕಂಬದ ಮೇಲಿನ ಪಾಚಿ, ಹುದುಗಿದ ಹಿಟ್ಟಿನ ಬಣ್ಣದ್ದು.

ಅವ್ವನ ಫೋನು ಬಂತು. "ಕುಡೀತಾನೇನ?"

"ಇನ್ನೂ ಇಲ್ಲವ್ವ. ಇನ್ನೂ ಆಗಿಲ್ಲ ಅದು."

"ಮತ್ತ ನೀ ಯಾಕ ಹಿಂಗ ಮಾತಾಡ್ಲಿಕತ್ತಿ, ನೀ ಕುಡದವರಂಗ?"

ಮೂರನೇ ಶನಿವಾರ

ಮೂವರೂ ಎರಡು ವಾರ ಕೂಡಿಟ್ಟ ಖಾಲಿ ಸೀಸೆಗಳನ್ನು ತೊಳೆದು ತಂದಿದ್ದರು. ಪಾಲ್ ತನ್ನವನ್ನು ಒಂದೊಂದಾಗಿ ಮಗಳ ಹಳೆಯ ಕಾಲುಚೀಲದಲ್ಲಿ ಸುತ್ತಿ ತಂದಿದ್ದ, ಒಡೆಯಬಾರದೆಂದು. ಆ ಮನುಷ್ಯ ನನಗೆ ಇನ್ನಷ್ಟು ಇಷ್ಟವಾದ.

ತುಂಬುವ ಮುಂಚೆ ರುಚಿ ನೋಡುವ ಪದ್ಧತಿ. ಗಿರೀಶ ನಾಲ್ಕು ಗ್ಲಾಸಿಗೆ ಒಂದೊಂದು ಗುಟುಕು ಬಿಟ್ಟ. ಬಂಗಾರದ ಬಣ್ಣ, ಇನ್ನೂ ನೊರೆ ಇಲ್ಲ. ಕೀತ್ ಬಾಯಲ್ಲಿ ಹೊರಳಿಸಿ, ನುಂಗಿ, ಗ್ಲಾಸನ್ನು ಬೆಳಕಿಗೆ ಹಿಡಿದು, "ನಾಟ್ ಬ್ಯಾಡ್ ಅಟ್ ಆಲ್" ಎಂದ. ಜಾನೆಟ್ ತಲೆಯಾಡಿಸಿದಳು. ಪಾಲ್ ಇನ್ನೊಂದು ಗುಟುಕಿಗೆ ಗ್ಲಾಸು ಚಾಚಿದ. ಗಿರೀಶನ ಮುಖ ನೋಡಬೇಕಿತ್ತು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಎಲ್ಲ ಸರಿಯಾಗಿತ್ತು. ಆದರೆ ಕಾರ್ಖಾನೆಯಲ್ಲಿ ದೋಷ ಕಂಡ ಮೇಲೆ ಮಾಲು ಗೇಟು ದಾಟಲು ನಾನು ಬಿಟ್ಟವಳಲ್ಲ. ಪಾಲ್‌ನ ಮನೆಯಲ್ಲಿ ಆ ಕಾಲುಚೀಲದ ಮಗು ಇದೆ. ಯಾರಿಗಾದರೂ ಹೊಟ್ಟೆ ಕೆಟ್ಟರೆ?

"ಒಂದು ನಿಮಿಷ" ಎಂದೆ, ನನ್ನ ಇಂಗ್ಲಿಷಿನಲ್ಲಿ. "ಇದರಲ್ಲಿ ನಾನು ಇಡ್ಲಿ ಹಾಕಿದ್ದೇನೆ."

ಯಾರಿಗೂ ಅರ್ಥವಾಗಲಿಲ್ಲ. ಕೀತ್ ನಯವಾಗಿ ನಕ್ಕ. ನಾನು ಹಿಟ್ಟು, ಹಲಗೆ, ಮುಚ್ಚಳ, ಸೌಟು, ಎಲ್ಲವನ್ನೂ ಕೈಯಾಡಿಸಿ ವಿವರಿಸಿದೆ. ಗಿರೀಶ ಅವರಿಗೆ ಬಿಡಿಸಿ ಹೇಳಬೇಕಾಯಿತು. ಸೌಟಿನ ಭಾಗಕ್ಕೆ ಬಂದಾಗ ಅವನ ದನಿ ಸಣ್ಣದಾಯಿತು. ಆಮೇಲೆ ನನ್ನ ಕಡೆ ತಿರುಗಿ, "ಹನ್ನೊಂದು ದಿನ ಏನ್ ಮಾಡ್ತಿದ್ದಿ ಅಕ್ಕಾ? ಇವತ್ತ, ಎಲ್ಲಾರ ಬಾಯಾಗ ಹೋದಮ್ಯಾಲ ಹೇಳ್ತಿ?"

ನಾಲ್ಕೂ ಗ್ಲಾಸು ಒಟ್ಟಿಗೆ ಮೇಜಿನ ಮೇಲೆ ಕೂತವು. ಜಾನೆಟ್ ತನ್ನದನ್ನು ಮತ್ತೆ ಎತ್ತಿ, ರಕ್ತದ ಮಾದರಿ ನೋಡುವ ಹಾಗೆ ನೋಡಿದಳು. ಹುಳಿ ಮಾಡುವ ಬ್ಯಾಕ್ಟೀರಿಯಾಕ್ಕೆ ಹಾಪ್ಸ್‌ನ ಕಹಿ ಆಗಿಬರುವುದಿಲ್ಲ, ಆ ಹೂವು ಹಾಕುವುದು ಅದಕ್ಕೂ ಹೌದು, ಬಹುಶಃ ಏನೂ ಆಗಿರಲಿಕ್ಕಿಲ್ಲ ಎಂದಳು. ಬಹುಶಃ. ಆಗಿದ್ದರೆ ಸೀಸೆಯೊಳಗೆ ಗಾಳಿ ಹೆಚ್ಚಿ ಒಂದೆರಡು ಸಿಡಿಯಬಹುದು, ಅಷ್ಟೇ.

ಕೀತ್ ಭುಜ ಕುಣಿಸಿ ತನ್ನ ಸೀಸೆ ತುಂಬಿಸತೊಡಗಿದ. ಪಾಲ್ ಮಾತ್ರ ಕೆಂಪಗಾಗಿ, ಮನೆಯಲ್ಲಿ ಸಣ್ಣ ಮಗು ಓಡಾಡುತ್ತದೆ, ಸಿಡಿಯುವ ಸೀಸೆ ಬೇಡ, ಇನ್ನೊಮ್ಮೆ ನೋಡೋಣ ಎಂದ. ಖಾಲಿ ಸೀಸೆಗಳನ್ನು ಮತ್ತೆ ಒಂದೊಂದೇ ಕಾಲುಚೀಲಕ್ಕೆ ತುಂಬಿಕೊಂಡ. ಅದಕ್ಕೆ ಹಿಡಿದ ಹೊತ್ತು! ಹೋಗುವಾಗ ನನಗೆ ಥ್ಯಾಂಕ್ಯೂ ಹೇಳಿ ಹೋದ.

ಆಮೇಲೆ ನಾನು ಪಾತ್ರೆ ಒರೆಸಿದೆ, ಗಿರೀಶ ತೊಳೆದ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವನೊಬ್ಬನ್ನ ನಾನ ಕರದಿದ್ದೆ" ಎಂದ, ನೀರಿನ ಕಡೆ ನೋಡುತ್ತಾ.

"ಮುಂದಿನ ವಾರ ಬರ್ತಾನೋ."

"ನೋಡೂಣು."

ಮಂಗಳವಾರ ನನ್ನನ್ನು ವಿಮಾನ ಹತ್ತಿಸಲು ಬಂದ. ಪಾಲ್‌ನ ಬಸ್ಸು ಬಿಟ್ಟು ಅದರ ಹಿಂದಿನ ಬಸ್ಸು ಹತ್ತಿದೆವು. ಯಾಕೆ ಎಂದು ನಾನು ಕೇಳಲಿಲ್ಲ.

ಪುಣೆ, ಶನಿವಾರ

ಬಂದ ಮೇಲೆ ಮೂರು ದಿನ ಅವ್ವನಿಗೆ ಎಲ್ಲ ಹೇಳಿದೆ, ಇಡ್ಲಿಯದನ್ನೂ ಸೇರಿಸಿ. ಅವಳು ಕೇಳಿದ್ದು ಒಂದೇ: "ಆ ಬಸ್ಸಿನಾಂವ ಮತ್ತ ಬರ್ತಾನಂತೇನ?" ಅವಳಿಗೆ ಉತ್ತರ ಬೇಕಿತ್ತು, ನನಗೂ.

ಶನಿವಾರ ನಾಲ್ಕಾಯಿತು, ಫೋನು ಬರಲಿಲ್ಲ. ಅಲ್ಲಿ ಹತ್ತೂವರೆ. ನಾಲ್ಕೂಕಾಲಾಯಿತು. ಅವನು ಒಬ್ಬನೇ ಆ ಕುರ್ಚಿಗಳ ನಡುವೆ ಕೂತಿರುವುದು ನನ್ನ ಕಣ್ಣಿಗೆ ಕಟ್ಟಿತು. ಆಮೇಲೆ ಸೀಸೆಗಳು ಸಿಡಿದದ್ದು, ಗಾಜು ಕಣ್ಣಿಗೆ ಹೋದದ್ದು, ಆಸ್ಪತ್ರೆ. ಅವನದೇ ಆಸ್ಪತ್ರೆ ಆದ್ದರಿಂದ ಲಗೂ ನೋಡಿಯಾರು ಎಂಬಲ್ಲಿಗೆ ಬರುವಷ್ಟರಲ್ಲಿ ಯಜಮಾನರು, "ನೀನ ಮಾಡು, ಇಲ್ಲಾಂದ್ರ ನನ್ನ ಚಾ ಆರ್ತದ" ಎಂದರು.

ಬಹಳ ಹೊತ್ತು ರಿಂಗಾಗಿ ಎತ್ತಿದ. ಒಳಗೆ ಪಾತ್ರೆಯ ಸದ್ದು. ಕೀತ್ ಯಾವುದೋ ನಾಯಿಯ ಕಥೆ ಹೇಳುತ್ತಿದ್ದ. ಜಾನೆಟ್ ನಗುತ್ತಿದ್ದಳು. ಬೇರೆ ದನಿ ಇರಲಿಲ್ಲ.

"ಸೀಸೆ ಒಡದಾವೇನೋ?"

"ಇಲ್ಲಕ್ಕಾ. ಒಂದೂ ಇಲ್ಲ."

"ಮತ್ತ... ಎಷ್ಟು ಮಂದಿ ಬಂದಾರ?"

ಅವನು ಉತ್ತರ ಕೊಡುವ ಮೊದಲು ದೂರದಲ್ಲಿ ಕರೆಗಂಟೆ ಹೊಡೆಯಿತು. ಫೋನು ಕೈಯಲ್ಲಿ ಹಿಡಿದೇ ಅವನು ನಡೆದ; ಬಾಗಿಲು ತೆರೆದದ್ದು, ಹೊರಗಿನ ಗಾಳಿ, ಡ್ಯೂಟಿ ಬದಲಾಗಲು ತಡವಾಯಿತು ಎಂಬ ಹಾಗೆ ಯಾರೋ ಏನೋ ಹೇಳಿದ್ದು ಕೇಳಿಸಿತು.

"ಅಕ್ಕಾ" ಎಂದ ಗಿರೀಶ, ಉಸಿರು ಬಿಟ್ಟು. "ಪಾಲ್ ಬಂದ. ಶೂ ಬಿಚ್ಚಲಿಕತ್ತಾನ. ಇಡ್ತೀನಿ."

ಇಟ್ಟೇಬಿಟ್ಟ. ನಾನು ಫೋನು ಕಿವಿಗೆ ಹಿಡಿದುಕೊಂಡೇ ಕೂತಿದ್ದೆ.

"ಯಾಕ, ಲೈನ್ ಕಟ್ ಆತೇನ?" ಎಂದಳು ಅವ್ವ.

"ಇಲ್ಲ. ಅವನ ಇಟ್ಟ. ಮಂದಿ ಬಂದಾರಂತ."

ಅವ್ವ ನನ್ನ ಕೈಯಿಂದ ಫೋನು ತೆಗೆದು ಸೋಫಾದ ಆ ತುದಿಗೆ, ನನಗೆ ಎಟುಕದ ಹಾಗೆ ಇಟ್ಟಳು.

"ಇನ್ನ ನೀ ಅವಂಗ ಫೋನ್ ಮಾಡಬ್ಯಾಡ" ಎಂದಳು. "ಅವಂಗ ಯಾವಾಗ ಟೈಮ್ ಸಿಗ್ತದ, ಅವನ ಮಾಡ್ಲಿ."